ಹಳೆ ಮನೆಯ ನೀರಿನ ಪೈಪು: ತೇಪೆ ಹಾಕಿದ್ದು ಸಾಕು



ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಂದು ಸಂಘದ ಲೆಕ್ಕಪುಸ್ತಕ ನೋಡಲು ಹೋಗಿದ್ದೆವು. ಸಾಲದ ಪುಸ್ತಕದಲ್ಲಿ ‘ಸಾಲದ ಉದ್ದೇಶ’ ಎಂಬ ಕಾಲಂ ಇರುತ್ತದಲ್ಲ, ಅಲ್ಲಿ ಒಬ್ಬರೇ ಸದಸ್ಯೆಯ ಹೆಸರಿನ ಎದುರು ‘ಪೈಪು ರಿಪೇರಿ’ ಎಂದು ಮೂರು ಸಲ ಬರೆದಿತ್ತು. ಮೊದಲ ಸಲ 600 ರೂಪಾಯಿ, ಆಮೇಲೆ 900, ಮೂರನೇ ಸಲ 1,500. ಎಲ್ಲ ಹದಿನಾಲ್ಕು ತಿಂಗಳ ಒಳಗೆ. ‘ಏನಮ್ಮಾ, ನಿಮ್ಮ ಮನೆಯಲ್ಲಿ ಪೈಪಿನ ಅಂಗಡಿ ಇಟ್ಟಿದ್ದೀರಾ?’ ಎಂದು ನಾವು ತಮಾಷೆ ಮಾಡಿದೆವು. ಎಲ್ಲರೂ ನಕ್ಕರು, ಅವರು ಮಾತ್ರ ನಗಲಿಲ್ಲ. ‘ಸಿಸ್ಟರ್, ಈ ಸಲ ಗೋಡೆಯೊಳಗೇ ಒಡೆದದ್ದು. ಗೋಡೆ ಪೂರಾ ಒದ್ದೆ. ಸ್ವಿಚ್ ಹಾಕಲು ಹೋದ ಮಗಳಿಗೆ ಶಾಕ್ ಹೊಡೆಯಿತು’ ಎಂದರು. ಹುಡುಗಿಗೆ ಹೆಚ್ಚೇನೂ ಆಗಲಿಲ್ಲ. ಆದರೆ ನಮ್ಮ ತಮಾಷೆಗೆ ನಮಗೇ ನಾಚಿಕೆಯಾಯಿತು.

ಸಭೆ ಮುಗಿಸಿ ಅವರ ಮನೆಗೆ ಹೋದೆವು. ಮಾವನ ಕಾಲದ ಮನೆ, ಹಂಚಿನ ಮಾಡು, ಕೆಂಪುಕಲ್ಲಿನ ಗೋಡೆ. ಬಾವಿಯಿಂದ ಪಂಪು, ಪಂಪಿನಿಂದ ಟ್ಯಾಂಕು, ಟ್ಯಾಂಕಿನಿಂದ ಅಡಿಗೆಮನೆಗೂ ಬಚ್ಚಲಿಗೂ ಪೈಪು. ಹಾಕಿ ಇಪ್ಪತ್ತೈದು ವರ್ಷ ದಾಟಿದೆ. ತೋಟಕ್ಕೆ ತಂದ ಪಿವಿಸಿ ಪೈಪು ಮಿಕ್ಕಿತ್ತಂತೆ, ಅದನ್ನೇ ಮನೆಗೂ ಎಳೆದಿದ್ದಾರೆ. ನಾಲ್ಕು ಕಡೆ ಸೈಕಲ್ ಟ್ಯೂಬು ಸುತ್ತಿದೆ. ಬೂದು ಬಣ್ಣದ ಪೈಪು ಬಿಸಿಲಿಗೆ ಬಿಳಚಿಕೊಂಡು, ಕೈಯಿಂದ ಉಜ್ಜಿದರೆ ಸುಣ್ಣದ ಹಾಗೆ ಪುಡಿ ಹತ್ತುತ್ತದೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಪೈಪು ಹೀಗೇ ಇರಬಹುದು. ಆದ್ದರಿಂದ ಈ ತಿಂಗಳ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ.

ಪೈಪು ಯಾಕೆ ಒಡೆಯುತ್ತದೆ?

‘ಪ್ಲಾಸ್ಟಿಕ್ ಅಲ್ವಾ, ಕೊಳೆಯುವುದೂ ಇಲ್ಲ, ತುಕ್ಕು ಹಿಡಿಯುವುದೂ ಇಲ್ಲ’ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ತುಕ್ಕು ಹಿಡಿಯುವುದಿಲ್ಲ ಎಂಬುದು ನಿಜ. ಮುಪ್ಪು ಬರುವುದಿಲ್ಲ ಎಂಬುದು ಸುಳ್ಳು. ಬಡವರ ಮನೆಗೆ ಕಡಿಮೆ ಮಾಲು ಬಂದದ್ದರಿಂದ ಹೀಗಾಯಿತು ಎಂದೂ ಬೇಸರ ಮಾಡಬೇಡಿ. ಅಮೆರಿಕದಲ್ಲಿ 1978ರಿಂದ 1995ರವರೆಗೆ ಲಕ್ಷಾಂತರ ಮನೆಗಳಿಗೆ ಪಾಲಿಬ್ಯುಟಿಲೀನ್ ಎಂಬ ಪ್ಲಾಸ್ಟಿಕ್ ಪೈಪು ಹಾಕಿದ್ದರು. ಅಗ್ಗ, ಬಾಗಿಸಲು ಸುಲಭ, ಎಲ್ಲರೂ ಹೊಗಳಿದ್ದೇ. ನೀರಿಗೆ ಹಾಕುವ ಕ್ಲೋರಿನ್ ತಾಗಿ ತಾಗಿ ಆ ಪೈಪು ಮತ್ತು ಅದರ ಜಾಯಿಂಟುಗಳು ಒಳಗಿನಿಂದಲೇ ಬಿರುಕು ಬಿಡತೊಡಗಿದವು. ಮನೆಯವರು ಕೋರ್ಟಿಗೆ ಹೋದರು. 1995ರಲ್ಲಿ ಆದ ಒಪ್ಪಂದದಲ್ಲಿ ಕಂಪನಿಗಳು ಪರಿಹಾರಕ್ಕೆಂದು 95 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಅಲ್ಲಿಯ ಪೈಪು ಬೇರೆ, ನಮ್ಮದು ಬೇರೆ. ಆದರೆ ಪ್ಲಾಸ್ಟಿಕ್ಕಿಗೂ ಆಯಸ್ಸು ಇದೆ ಎಂಬುದು ಎರಡೂ ಕಡೆ ಒಂದೇ.

ನಮ್ಮ ಪಿವಿಸಿ ಪೈಪಿಗೆ ಮೊದಲ ಶತ್ರು ಬಿಸಿಲು. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಪೈಪು ಬಿರುಸಾಗುತ್ತದೆ. ಅಂಥದ್ದರ ಮೇಲೆ ಒಂದು ತೆಂಗಿನ ಮಡಲು ಬಿದ್ದರೂ ಸಾಕು.

ಎರಡನೆಯದು ಬಿಸಿನೀರು. ಇಲ್ಲಿ ನಮ್ಮದೇ ಕಥೆ ಹೇಳಬೇಕು. ನಾವು ಇರುವ ಮನೆಯೂ ಹಳೆಯದೇ. ಕೆಲವು ವರ್ಷದ ಹಿಂದೆ ಸೋಲಾರ್ ಹೀಟರ್ ಹಾಕಿಸಿದೆವು. ಹೊಸ ಪೈಪಿಗೆ ಖರ್ಚು ಹೆಚ್ಚು ಎಂದು, ತಣ್ಣೀರಿಗಿದ್ದ ಹಳೆ ಪಿವಿಸಿ ಪೈಪನ್ನೇ ಬಿಸಿನೀರಿಗೂ ಕೂಡಿಸಲು ಹೇಳಿದ್ದು ನಾವೇ. ಕೆಲಸದವರು ಒಂದು ಸಲ ಬೇಡ ಎಂದರು, ನಾವು ಕೇಳಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಿಗೆ ನೀರು ಕುದಿಯುವ ಹಾಗಾಗಿ, ಪೈಪು ಮೆತ್ತಗಾಗಿ ಹೊಟ್ಟೆ ಬಿಟ್ಟು ಜೋತು ಬಿತ್ತು. ನಾವು ಯಾರೂ ಇಲ್ಲದ ಮಧ್ಯಾಹ್ನ ಜಾಯಿಂಟು ಕಳಚಿ, ಕೆಳಗಿನ ಕೋಣೆಯಲ್ಲಿದ್ದ ಹಾಸ್ಟೆಲ್ ಮಕ್ಕಳ ಎರಡು ಚೀಲ ಅಕ್ಕಿ ನೆನೆದು ಹೋಯಿತು. ಅಕ್ಕಿಯನ್ನು ಒಣಗಿಸಿ ಹಿಟ್ಟು ಮಾಡಿದೆವು, ಪೂರ್ತಿ ಹಾಳಾಗಲಿಲ್ಲ. ಆದರೆ ಉಳಿಸಿದ ದುಡ್ಡು ಎಷ್ಟು, ಕಳೆದದ್ದು ಎಷ್ಟು ಎಂದು ಲೆಕ್ಕ ಹಾಕಲು ಆವತ್ತು ಯಾರಿಗೂ ಧೈರ್ಯ ಬರಲಿಲ್ಲ. ಸಾಧಾರಣ ಪಿವಿಸಿ ಪೈಪು ತಣ್ಣೀರಿಗೆ ಮಾತ್ರ. 45 ಡಿಗ್ರಿಗಿಂತ ಹೆಚ್ಚು ಬಿಸಿಯ ನೀರಿಗೆ ಅದನ್ನು ಬಳಸಲೇಬಾರದು. ಸೋಲಾರ್ ನೀರು 60 ಡಿಗ್ರಿ ದಾಟುವುದು ಮಾಮೂಲು.

ಮೂರನೆಯದು ಒತ್ತಡ. ನೀರು ಹತ್ತು ಮೀಟರ್ ಎತ್ತರದಲ್ಲಿ ನಿಂತರೆ ಕೆಳಗಿನ ಒಂದೊಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕಿಲೋ ಭಾರ ಬೀಳುತ್ತದೆ. ಮಾಡಿನ ಮಟ್ಟದಲ್ಲಿರುವ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರಿನ ಒತ್ತಡ ಅರ್ಧ ಕಿಲೋವೂ ಇರುವುದಿಲ್ಲ. ಕಷ್ಟ ಇರುವುದು ಬಾವಿಯಿಂದ ಟ್ಯಾಂಕಿಗೆ ಹೋಗುವ ಪೈಪಿಗೆ. ಪಂಪು ನಿಲ್ಲಿಸಿದ ಕೂಡಲೇ ‘ದಡಕ್’ ಎಂಬ ಸದ್ದು ಕೇಳಿದ್ದೀರಲ್ಲ? ಮೇಲೆ ಹೋಗುತ್ತಿದ್ದ ನೀರು ಹಿಂದಕ್ಕೆ ಬಂದು ಗುದ್ದುವ ಸದ್ದು ಅದು. ದಿನಕ್ಕೆ ಎರಡು ಸಲದಂತೆ ಇಪ್ಪತ್ತೈದು ವರ್ಷ ಎಷ್ಟು ಗುದ್ದು ಆಯಿತು, ನೀವೇ ಲೆಕ್ಕ ಹಾಕಿ. ಪಂಚಾಯಿತಿ ನೀರನ್ನು ನೇರವಾಗಿ ಹಳೆ ಪೈಪಿಗೆ ಕೂಡಿಸಿದವರಿಗೂ ಇದೇ ತೊಂದರೆ. 2019ರ ಆಗಸ್ಟ್ 15ರಂದು ಪ್ರಕಟವಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುವ ಯೋಜನೆಯಲ್ಲಿ, ಅಂಗಳದವರೆಗೆ ಹೊಸ ಪೈಪು ಬಂತು. ಅಂಗಳದಿಂದ ಒಳಗೆ ಇರುವುದು ಮಾತ್ರ ಮಾವನ ಕಾಲದ್ದೇ.

ನಾಲ್ಕನೆಯದನ್ನು ನಾವೇ ಮಾಡಿಕೊಂಡದ್ದು. ಕಪ್ಲಿಂಗ್ ತರಲು ಪೇಟೆಗೆ ಯಾರು ಹೋಗುತ್ತಾರೆ ಎಂದು, ಒಣ ಮಡಲಿಗೆ ಬೆಂಕಿ ಕೊಟ್ಟು ಪೈಪಿನ ತುದಿಯನ್ನು ಕಾಯಿಸಿ, ಅಗಲಿಸಿ, ಇನ್ನೊಂದರ ಮೇಲೆ ತುರುಕುವುದು. ಊರಲ್ಲೆಲ್ಲ ಮಾಡುವ ಕೆಲಸ. ಕಾಯಿಸಿ ಎಳೆದ ಜಾಗದಲ್ಲಿ ಪೈಪಿನ ದಪ್ಪ ಕಡಿಮೆಯಾಗುತ್ತದೆ. ಆ ಸದಸ್ಯೆಯ ಮನೆಯಲ್ಲಿ ಒಡೆದ ಮೂರೂ ಜಾಗ ಇಂಥವೇ.

ಸೋರಿದರೆ ನೀರು ಮಾತ್ರ ಹೋಗುವುದಲ್ಲ

‘ಒಂದು ಚೂರು ಸೋರ್ತದೆ, ಇರಲಿ ಬಿಡಿ’ ಎನ್ನುವವರು ಒಂದು ಸಣ್ಣ ಪರೀಕ್ಷೆ ಮಾಡಿ. ಸೋರುವ ಜಾಗದ ಕೆಳಗೆ 200 ಮಿಲಿ ಹಿಡಿಯುವ ಲೋಟ ಇಡಿ. ಹತ್ತು ನಿಮಿಷಕ್ಕೆ ಲೋಟ ತುಂಬಿದರೆ ದಿನಕ್ಕೆ ಸುಮಾರು 29 ಲೀಟರ್ ಹೋಯಿತು. ಸರ್ಕಾರದ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ ಇಟ್ಟಿರುವ ಲೆಕ್ಕ 55 ಲೀಟರ್. ಅಂದರೆ ಅರ್ಧ ಜನದ ನೀರು ಮಣ್ಣಿಗೆ. ಪಂಪಿನ ಕರೆಂಟು ಬೇರೆ.

ಇದಕ್ಕಿಂತ ಹೆಚ್ಚು ಹೆದರಬೇಕಾದದ್ದು ಇನ್ನೊಂದಿದೆ. ನಲ್ಲಿ ನೀರು ದಿನವಿಡೀ ಬರುವುದಿಲ್ಲ, ಒಂದೆರಡು ಗಂಟೆ ಬಂದು ನಿಲ್ಲುತ್ತದೆ. ನೀರು ನಿಂತಾಗ ಪೈಪಿನೊಳಗೆ ಎಳೆತ ಉಂಟಾಗುತ್ತದೆ. ಆಗ ಯಾವ ಬಿರುಕಿನಿಂದ ನೀರು ಹೊರಗೆ ಬರುತ್ತಿತ್ತೋ ಅದೇ ಬಿರುಕಿನಿಂದ ಹೊರಗಿನ ಕೊಳೆ ಒಳಗೆ ಹೋಗುತ್ತದೆ. ಪೈಪು ಹೂತಿರುವುದು ಎಲ್ಲಿ? ಹೆಚ್ಚಿನ ಮನೆಗಳಲ್ಲಿ ಬಚ್ಚಲ ಚರಂಡಿಯ ಪಕ್ಕ, ದನದ ಕೊಟ್ಟಿಗೆಯ ಹಿಂದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಬರುವ ದಾರಿಗಳಲ್ಲಿ ಇದೂ ಒಂದು. ಬಾವಿ ಶುದ್ಧ ಇದ್ದು ಏನು ಬಂತು?

ಸೀಸದ ವಿಷಯವನ್ನೂ ತಿಳಿದಿರಬೇಕು. ಪಿವಿಸಿ ಪೈಪು ತಯಾರಿಸುವಾಗ ಗಟ್ಟಿ ನಿಲ್ಲಲೆಂದು ಸೀಸದ ವಸ್ತುಗಳನ್ನು ಸೇರಿಸುವ ರೂಢಿ ನಮ್ಮ ದೇಶದಲ್ಲಿ ಬಹಳ ಕಾಲ ಇತ್ತು. ಅದನ್ನು ತಡೆಯಲು ಕೇಂದ್ರದ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿತು. ಸೀಸ ಅತಿ ಸ್ವಲ್ಪ ಪ್ರಮಾಣದಲ್ಲಿ ದೇಹಕ್ಕೆ ಹೋದರೂ ಸಣ್ಣ ಮಕ್ಕಳ ಬುದ್ಧಿ ಬೆಳವಣಿಗೆಗೆ ಹಾನಿ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಹೋಗುವುದಿಲ್ಲ. ಆದ್ದರಿಂದ ಹಳೆ ಪೈಪು ಇರುವವರೆಗೆ, ಬೆಳಿಗ್ಗೆ ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಪಾತ್ರೆ ತೊಳೆಯಲು, ಗಿಡಕ್ಕೆ ಹಿಡಿದುಕೊಳ್ಳಿ. ಕುಡಿಯಲು, ಅಡಿಗೆಗೆ ಆಮೇಲಿನ ನೀರು.

ತೇಪೆಯೋ, ಬದಲಾವಣೆಯೋ?

ಒಂದು ಕಡೆ ಕತ್ತಿ ತಾಗಿ ಒಡೆದರೆ, ಉಳಿದ ಪೈಪು ಚೆನ್ನಾಗಿದ್ದರೆ, ಆ ತುಂಡನ್ನು ಬದಲಾಯಿಸಿದರೆ ಸಾಕು. ಎಲ್ಲವನ್ನೂ ಕಿತ್ತುಹಾಕಲು ನಾವು ಹೇಳುವುದಿಲ್ಲ. ಒಂದೇ ವರ್ಷದಲ್ಲಿ ಎರಡು ಬೇರೆ ಬೇರೆ ಕಡೆ ಒಡೆದರೆ ಮಾತ್ರ ಪೈಪಿನ ಕಾಲ ಮುಗಿಯಿತು ಎಂದೇ ತಿಳಿಯಿರಿ. ಒಂದು ಕಡೆ ಗಟ್ಟಿ ಮಾಡಿದರೆ ಪಕ್ಕದ ಬಡಕಲು ಜಾಗ ಒಡೆಯುತ್ತದೆ. ಹರಿದ ಸೀರೆಗೆ ಹೊಸ ಬಟ್ಟೆಯ ತೇಪೆ ಹಾಕಿದ ಹಾಗೆ.

ಗೋಡೆಯೊಳಗೆ, ನೆಲದೊಳಗೆ ಸೋರುವುದು ಗೊತ್ತಾಗುವುದು ಕಷ್ಟ. ರಾತ್ರಿ ಮಲಗುವ ಮುಂಚೆ ಎಲ್ಲ ನಲ್ಲಿ ಕಟ್ಟಿ, ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿಕೊಳ್ಳಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮತ್ತೆ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಹೋಗುತ್ತಿದೆ. ಮೀಟರ್ ಇದ್ದವರು ಮೀಟರ್ ನೋಡಿದರೂ ಆಯಿತು. ಸ್ವಿಚ್ಚಿನ ಹತ್ತಿರ ಗೋಡೆ ಒದ್ದೆ ಕಂಡರೆ ಮಾತ್ರ ಪರೀಕ್ಷೆ ಗಿರೀಕ್ಷೆ ಬೇಡ. ಒಣ ಕೈಯಲ್ಲಿ, ಚಪ್ಪಲಿ ಹಾಕಿಕೊಂಡು ಮೈನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರೀಷಿಯನ್ ಬರುವವರೆಗೆ ಆ ಗೋಡೆಗೆ ಮಕ್ಕಳನ್ನು ಹೋಗಬಿಡಬೇಡಿ.

ಅಂಗಡಿಗೆ ಹೋಗುವ ಮುಂಚೆ

ಮನೆಯ ಪೈಪಿನ ನಕ್ಷೆ ಬರೆಯಿರಿ. ನಗಬೇಡಿ, ಇದು ಮುಖ್ಯ. ಪ್ಲಂಬರ್ ಬಂದಾಗ ಮಾತಾಡುವುದು ಗಂಡಸರ ಹತ್ತಿರ. ಆದರೆ ಯಾವ ನಲ್ಲಿಯಲ್ಲಿ ನೀರು ಸಣ್ಣ ಬರುತ್ತದೆ, ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಸರಿಯಾಗಿ ಗೊತ್ತಿರುವುದು ಮನೆಯ ಹೆಂಗಸಿಗೆ. ಆ ಸದಸ್ಯೆ ಮಗಳ ನೋಟ್ ಪುಸ್ತಕದ ಹಾಳೆಯಲ್ಲಿ ಬಾವಿ, ಟ್ಯಾಂಕು, ಐದು ನಲ್ಲಿ ಬರೆದು, ಹಗ್ಗ ಹಿಡಿದು ಉದ್ದ ಅಳೆದು ಬರೆದರು. ಪ್ಲಂಬರು ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ.

ತಣ್ಣೀರಿಗೆ ಕುಡಿಯುವ ನೀರಿನ ಪಿವಿಸಿ ಪೈಪು ಸಾಕು. ಅದರ ಮೈಮೇಲೆ ಐಎಸ್‌ಐ ಮುದ್ರೆ, ಐಎಸ್ 4985 ಎಂಬ ಸಂಖ್ಯೆ, ಎಷ್ಟು ಕಿಲೋ ಒತ್ತಡ ತಡೆಯುತ್ತದೆ ಎಂಬುದು ಅಚ್ಚಾಗಿರುತ್ತದೆ. 2.5 ಕಿಲೋದಿಂದ 12.5 ಕಿಲೋವರೆಗೆ ಬೇರೆ ಬೇರೆ ವರ್ಗ ಇದೆ. ಅಂಗಡಿಯವರು ಅಗ್ಗಕ್ಕೆ ತೋರಿಸುವ 2.5 ಅಥವಾ 4 ಕಿಲೋದ ತೆಳು ಪೈಪು ತೋಟಕ್ಕೆ ಇರಲಿ. ಮನೆಗೆ, ಅದರಲ್ಲೂ ಪಂಪಿನ ಲೈನಿಗೆ, 10 ಕಿಲೋದ್ದು ಕೇಳಿ. ಬಿಸಿನೀರಿಗೆ ಸಿಪಿವಿಸಿ ಎಂಬ ಬೇರೆ ಪೈಪು ಬೇಕು, ಐಎಸ್ 15778 ಎಂದು ಅಚ್ಚಿರುತ್ತದೆ. ಅದು 93 ಡಿಗ್ರಿವರೆಗೆ ತಡೆಯುತ್ತದೆ, ತಣ್ಣೀರಿಗೂ ನಡೆಯುತ್ತದೆ. ಮುದ್ರೆ ಅಸಲಿಯೋ ನಕಲಿಯೋ ಎಂಬ ಅನುಮಾನ ಬಂದರೆ ಮೊಬೈಲಿನಲ್ಲಿ ಬಿಐಎಸ್ ಕೇರ್ ಎಂಬ ಸರ್ಕಾರಿ ಆಪ್ ಇದೆ. ಮುದ್ರೆಯ ಕೆಳಗಿನ ಲೈಸೆನ್ಸ್ ನಂಬರ್ ಹಾಕಿದರೆ ಯಾವ ಕಂಪನಿಯದು ಎಂದು ಬರುತ್ತದೆ. ನಮಗೆ ಬರುವುದಿಲ್ಲ ಎನ್ನುವವರು ಹೈಸ್ಕೂಲಿಗೆ ಹೋಗುವ ಮಕ್ಕಳ ಕೈಗೆ ಕೊಡಿ. ಸೀಸ ಇಲ್ಲದ ಪೈಪೇ ಬೇಕು ಎಂದು ಬಾಯಿಬಿಟ್ಟು ಕೇಳಿ, ಬಿಲ್ಲು ತಗೊಳ್ಳಿ. ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ.

ಕೆಲಸ ನಡೆಯುವಾಗ ಎದುರಿಗೆ ನಿಲ್ಲಿ

ಹಳೆ ಗೋಡೆಯನ್ನು ಕೊರೆಯಬೇಕೆಂದೇನೂ ಇಲ್ಲ. ಒಳಗಿನ ಪೈಪು ಅಲ್ಲೇ ಇರಲಿ, ಅದರ ಬಾಯಿ ಮುಚ್ಚಿಸಿ, ಹೊಸ ಪೈಪನ್ನು ಗೋಡೆಯ ಮೇಲೆ ಕ್ಲಾಂಪ್ ಹಾಕಿ ಎಳೆಯಬಹುದು. ನೋಡಲು ಅಷ್ಟು ಚಂದ ಇಲ್ಲ, ನಿಜ. ಆದರೆ ಕೆಂಪುಕಲ್ಲಿನ ಅಥವಾ ಮಣ್ಣಿನ ಗೋಡೆ ಉಳಿಯುತ್ತದೆ, ಕೂಲಿ ಕಡಿಮೆ, ಮುಂದೆ ಸೋರಿದರೆ ಕಣ್ಣಿಗೆ ಕಾಣುತ್ತದೆ. ನಮ್ಮ ಮನೆಯಲ್ಲೂ ಹಾಗೇ ಮಾಡಿದ್ದೇವೆ. ಮೂರು ಮೂರು ಅಡಿಗೆ ಒಂದು ಕ್ಲಾಂಪ್ ಇದ್ದರೆ ಜೋಲುವುದಿಲ್ಲ.

ಜಾಯಿಂಟಿನ ಕೆಲಸವೇ ಎಲ್ಲಕ್ಕಿಂತ ದೊಡ್ಡದು. ಪೈಪನ್ನು ನೇರ ಕತ್ತರಿಸಬೇಕು, ಅಂಚಿನ ಸಿಬಿರು ತೆಗೆಯಬೇಕು, ಒಣ ಬಟ್ಟೆಯಲ್ಲಿ ಒರೆಸಬೇಕು, ಎರಡೂ ಕಡೆ ಸೊಲ್ಯೂಶನ್ ಹಚ್ಚಿ, ತುರುಕಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಪಿವಿಸಿಗೂ ಸಿಪಿವಿಸಿಗೂ ಸೊಲ್ಯೂಶನ್ ಬೇರೆ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಆವತ್ತು ನಿಲ್ಲುತ್ತದೆ, ಆರು ತಿಂಗಳಿಗೆ ಕಳಚುತ್ತದೆ. ಎರಡು ಜಾತಿಯ ಪೈಪನ್ನು ಅಂಟಿಸುವುದೂ ಬೇಡ, ಮರೆ ಇರುವ ಫಿಟ್ಟಿಂಗಿನಿಂದ ಕೂಡಿಸಲಿ. ನಲ್ಲಿ ಕೂರುವ ಜಾಗಕ್ಕೆ ಒಳಗೆ ಹಿತ್ತಾಳೆ ಮರೆ ಇರುವ ಎಲ್ಬೋ ತಗೊಳ್ಳಿ. ಪ್ಲಾಸ್ಟಿಕ್ ಮರೆಗೆ ಲೋಹದ ನಲ್ಲಿ ಬಿಗಿದರೆ ಸೀಳುತ್ತದೆ. ಸೊಲ್ಯೂಶನ್ ಹಚ್ಚುವಾಗ ಬಾಗಿಲು ಕಿಟಕಿ ತೆರೆದಿರಲಿ, ಹತ್ತಿರ ಒಲೆ, ಬೀಡಿ ಬೇಡ. ಬೆಂಕಿ ಹಿಡಿಯುವ ವಸ್ತು ಅದು.

ಒಂದು ದಿನ ಪೂರ್ತಿ ಒಣಗಲು ಬಿಡಿ. ಆ ದಿನಕ್ಕೆ ಬೇಕಾದ ನೀರನ್ನು ಹಿಂದಿನ ದಿನವೇ ತುಂಬಿಸಿಡಿ. ಇಲ್ಲದಿದ್ದರೆ ಸಂಜೆಯೇ ನಲ್ಲಿ ತಿರುಗಿಸುವ ಆಸೆಯಾಗುತ್ತದೆ. ಆಮೇಲೆ ಎಲ್ಲ ನಲ್ಲಿ ಕಟ್ಟಿ ಒಂದು ರಾತ್ರಿ ನೀರು ನಿಲ್ಲಿಸಿ, ಬೆಳಿಗ್ಗೆ ಒಂದೊಂದು ಜಾಯಿಂಟನ್ನೂ ಕೈಯಿಂದ ಮುಟ್ಟಿ ನೋಡಿ. ಮುಟ್ಟಿ ನೋಡಿದ ಮೇಲೆಯೇ ಪ್ಲಂಬರಿಗೆ ಕೊನೆಯ ಕಂತಿನ ಹಣ. ಮೊದಲ ನೀರನ್ನು ವಾಸನೆ ಹೋಗುವವರೆಗೆ ಹರಿಯಬಿಡಿ. ಅಡಿಗೆಮನೆಗೊಂದು, ಬಚ್ಚಲಿಗೊಂದು ವಾಲ್ವ್ ಹಾಕಿಸಿದರೆ ಮುಂದೆ ಒಂದು ಕಡೆ ರಿಪೇರಿಗೆ ಇಡೀ ಮನೆಯ ನೀರು ಕಟ್ಟಬೇಕಾಗಿಲ್ಲ. ಬಿಸಿಲಿಗೆ ಬೀಳುವ ಕಡೆ ಬಿಳಿಯ, ನೀರಿನಲ್ಲಿ ಕಲಸುವ ಪೇಂಟ್ ಬಳಿಯಿರಿ.

ಅಂಗಳದ ಹೊರಗಿನ ಪೈಪನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ಸೋರಿದರೆ ನೀರುಗಂಟಿಗೆ ಹೇಳಿ, ಪಂಚಾಯಿತಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಸಂಘದ ಹೆಸರಿನಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.

ಹಣದ ಮಾತು

ಆ ಸದಸ್ಯೆಯ ಮನೆಗೆ ಪೈಪು, ಫಿಟ್ಟಿಂಗು, ಕೂಲಿ ಎಲ್ಲ ಸೇರಿ ಹನ್ನೊಂದು ಸಾವಿರ ಚಿಲ್ಲರೆ ಆಯಿತು. ನಿಮ್ಮ ಊರಿನ ದರ ಬೇರೆ ಇದ್ದೀತು. ಸಾಲ ಕೇಳಿದ ದಿನ ಸಂಘದಲ್ಲಿ ಸಣ್ಣ ಜಗಳವೇ ನಡೆಯಿತು. ಒಬ್ಬ ಹಿರಿಯ ಸದಸ್ಯೆ ಎದ್ದು, ‘ಪೈಪಿಗೆಲ್ಲ ಇಷ್ಟು ಸಾಲವಾ? ಕರು ತಗೊಂಡರೆ ನಾಳೆ ಹಾಲಾದರೂ ಬರ್ತದೆ, ಪೈಪಿನಿಂದ ಏನು ಬರ್ತದೆ?’ ಎಂದರು. ಅವರ ಮಾತು ತಪ್ಪಲ್ಲ. ಸಂಘದ ಹಣ ಎಲ್ಲರ ಬೆವರಿನದು, ಕೇಳಲೇಬೇಕಾದ ಪ್ರಶ್ನೆ. ಆಗ ಸಾಲ ಕೇಳಿದವರು ತಮ್ಮ ಲೆಕ್ಕ ಹೇಳಿದರು: ‘ರಿಪೇರಿಗೆ ಈಗಾಗಲೇ ಮೂರು ಸಾವಿರ ಹೋಯಿತು. ಪ್ರತಿ ಸಲ ಎರಡು ಮೂರು ದಿನ ಬಾವಿಯಿಂದ ಸೇದಿ ಹೊತ್ತೆ, ಆ ದಿನ ಬೀಡಿ ಕಟ್ಟಲಿಲ್ಲ. ಶಾಕ್ ಹೊಡೆದ ಮೇಲೆ ಮಗಳು ಆ ಕೋಣೆಗೆ ಓದಲು ಹೋಗುವುದಿಲ್ಲ.’ ಹಿರಿಯ ಸದಸ್ಯೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹದಿನೆಂಟು ಕಂತು ಮಾಡಿ, ಪಾಪ’ ಎಂದು ತಾವೇ ಸೂಚಿಸಿದರು.

ಒಂದೇ ಸಲ ಎಲ್ಲ ಮಾಡಲಾಗದವರು ಭಾಗ ಮಾಡಿಕೊಳ್ಳಿ. ಬಿಸಿನೀರಿನ ಪೈಪು ಮೊದಲು, ವಿದ್ಯುತ್ ವಯರಿನ ಹತ್ತಿರ ಗೋಡೆಯೊಳಗೆ ಇರುವುದು ಅದರ ಜೊತೆಗೇ. ಆಮೇಲೆ ಚರಂಡಿ ಪಕ್ಕದ್ದು, ನಂತರ ಪಂಪಿನ ಲೈನು. ಇಬ್ಬರು ಮೂವರು ಸದಸ್ಯೆಯರು ಒಟ್ಟಾಗಿ ಪೈಪು ತಂದರೆ ಗಾಡಿ ಬಾಡಿಗೆ ಹಂಚಿಹೋಗುತ್ತದೆ, ಅಂಗಡಿಯವರೂ ಸ್ವಲ್ಪ ಇಳಿಸುತ್ತಾರೆ. ಬಾಡಿಗೆ ಮನೆಯವರು ಸ್ವಂತ ಸಾಲ ಮಾಡಿ ಪೈಪು ಹಾಕಿಸುವ ಮುಂಚೆ ಮನೆಯೊಡೆಯರ ಹತ್ತಿರ ಮಾತಾಡಿ, ಬಾಡಿಗೆಯಲ್ಲಿ ಎಷ್ಟು ಮುರಿಯುತ್ತಾರೆ ಎಂದು ಬರೆಸಿಕೊಳ್ಳಿ.

ಕಿತ್ತ ಪೈಪನ್ನು ಏನು ಮಾಡುವುದು?

ಬಚ್ಚಲ ಒಲೆಗೆ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮಳೆಗಾಲದಲ್ಲಿ ಸೌದೆ ಹಸಿ ಇರುತ್ತದೆ, ಪ್ಲಾಸ್ಟಿಕ್ ತುಂಡು ಹಾಕಿದರೆ ಭಗ್ಗೆಂದು ಹತ್ತುತ್ತದೆ ಎಂದು ಎಲ್ಲರೂ ಹಾಕುವವರೇ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಎದೆ ಸುಡುವ ಆಮ್ಲ ಇದೆ, ಡಯಾಕ್ಸಿನ್ ಎಂಬ ಕ್ಯಾನ್ಸರ್ ತರುವ ವಿಷವೂ ಇದೆ. ಆ ಹೊಗೆ ಕುಡಿಯುವುದು ಒಲೆ ಊದುವವಳು ಮತ್ತು ಅವಳ ಪಕ್ಕ ಚಳಿ ಕಾಯಿಸುತ್ತ ಕೂತ ಮಗು. ಗುಜರಿಯವರು ಪಿವಿಸಿ ತೆಗೆದುಕೊಳ್ಳುತ್ತಾರೆ, ಕೊಟ್ಟುಬಿಡಿ. ನಾಲ್ಕು ಉದ್ದ ತುಂಡು ಉಳಿಸಿಕೊಂಡರೆ ಮಲ್ಲಿಗೆಗೋ ಅಲಸಂದೆಗೋ ಚಪ್ಪರದ ಕಂಬ ಆಗುತ್ತದೆ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಪೈಪಿನ ನಕ್ಷೆ ಬರೆದು ತನ್ನಿ. ಟ್ಯಾಂಕಿನ ನೀರು ರಾತ್ರಿಯಲ್ಲಿ ಎಷ್ಟು ಇಳಿಯಿತು ಎಂಬುದನ್ನೂ ಅದರ ಮೇಲೆ ಬರೆದಿರಲಿ. ಕಳೆದ ಎರಡು ವರ್ಷದಲ್ಲಿ ‘ಪೈಪು ರಿಪೇರಿ’ ಎಂದು ಎಷ್ಟು ಸಾಲ ಕೊಟ್ಟಿದ್ದೇವೆ ಎಂದು ಲೆಕ್ಕ ಬರೆಯುವವರು ಸಾಲದ ಪುಸ್ತಕ ನೋಡಿ ಹೇಳಲಿ. ಯಾರ ಮನೆಯಿಂದ ಶುರು ಮಾಡುವುದು ಎಂದು ಆ ಹಾಳೆಗಳನ್ನು ಚಾಪೆಯ ಮೇಲೆ ಹರಡಿಕೊಂಡು ಕೂತು ತೀರ್ಮಾನ ಮಾಡೋಣ.